ಮಗಳಿಗೊಂದು ಪತ್ರ: ಕಣಿವೆಯ ಪೀಚ್ ಮರಗಳು

ಪ್ರೀತಿಯ ಮಗಳೇ,

ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯ ಚಿತ್ರಗಳು ತಲುಪಿದವು. ಆ ಕೆಂಪು ಬಂಡೆಗೋಡೆಗಳ ಬುಡದಲ್ಲಿ ಕಾಣುವ ಹಸಿರನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. "ಇಲ್ಲಿಯ ಮೂಲನಿವಾಸಿ ನವಾಹೋ ಜನ ಯುದ್ಧದಲ್ಲಿ ಸೋತರೇ ಅಮ್ಮಾ?" ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಅವರನ್ನು ಮಣಿಸಿದ್ದು ಯುದ್ಧವಲ್ಲ, ಹಸಿವು. ಅದನ್ನು ವಿವರವಾಗಿ ಬರೆಯಬೇಕೆನಿಸಿತು.

ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುವ ಈ ಜನ ನಾಲ್ಕು ಪವಿತ್ರ ಪರ್ವತಗಳ ನಡುವಿನ ನೆಲವನ್ನು ತಮ್ಮದೆಂದು ನಂಬಿ, ಕುರಿ ಸಾಕಿ, ಮೆಕ್ಕೆಜೋಳ ಬೆಳೆದು ಬದುಕಿದ್ದರು. 1846ರಲ್ಲಿ ಅಮೆರಿಕದ ಸೈನ್ಯ ನ್ಯೂ ಮೆಕ್ಸಿಕೋವನ್ನು ವಶಪಡಿಸಿಕೊಂಡಿತು. 1851ರಲ್ಲಿ ಅವರ ಹುಲ್ಲುಗಾವಲಿನ ಮೇಲೆಯೇ ಫೋರ್ಟ್ ಡಿಫಯನ್ಸ್ ಎಂಬ ಕೋಟೆ ಎದ್ದಿತು. ನವಾಹೋಗಳು ವಲಸಿಗರ ದನಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದುದು ನಿಜ. ಆದರೆ ವಲಸಿಗರು ನವಾಹೋ ಹೆಂಗಸರು ಮಕ್ಕಳನ್ನು ಹಿಡಿದೊಯ್ದು ಗುಲಾಮರನ್ನಾಗಿ ಇಟ್ಟುಕೊಳ್ಳುತ್ತಿದ್ದುದೂ ಅಷ್ಟೇ ನಿಜ, ಮತ್ತು ಅದನ್ನು ತಡೆಯಲೆಂದು ಯಾವ ದಂಡೂ ಹೊರಡಲಿಲ್ಲ. ಆ ನೆಲದಲ್ಲಿ ಚಿನ್ನವಿರಬಹುದೆಂಬ ಆಸೆಯೂ ನ್ಯೂ ಮೆಕ್ಸಿಕೋದ ಸೇನಾ ಮುಖ್ಯಸ್ಥ ಜನರಲ್ ಜೇಮ್ಸ್ ಕಾರ್ಲ್ಟನ್‌ಗೆ ಇತ್ತು.

1863ರಲ್ಲಿ ಅವನ ಆಜ್ಞೆಯಂತೆ ಹೊರಟ ಕಿಟ್ ಕಾರ್ಸನ್‌ನ ಪಡೆ ದೊಡ್ಡ ಕದನಗಳನ್ನೇನೂ ಮಾಡಲಿಲ್ಲ. ಬೆಳೆದು ನಿಂತ ಜೋಳವನ್ನು ಸುಟ್ಟಿತು, ಕುರಿಮಂದೆಗಳನ್ನು ಹಿಡಿಯಿತು, ಚಳಿಗಾಲ ಬರುವವರೆಗೆ ಹಾಗೆಯೇ ನಡೆಸಿತು. 1864ರ ಜನವರಿಯಲ್ಲಿ ಸೈನಿಕರು ನೀನು ನಡೆದಾಡಿದ ಆ ಕಣಿವೆಯನ್ನೇ ಹೊಕ್ಕರು. ಅದೇ ವರ್ಷದ ಬೇಸಿಗೆಯಲ್ಲಿ ಇನ್ನೊಂದು ತುಕಡಿ ಅಲ್ಲಿ ಬೆಳೆದಿದ್ದ 4,000ಕ್ಕೂ ಹೆಚ್ಚು ಪೀಚ್ ಮರಗಳನ್ನು ಕಡಿದು ಕೆಡವಿತು. ತೋಟದ ಮನೆಯಲ್ಲಿ ಬೆಳೆದ ನನಗೆ ಈ ಮಾತನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಜೋಳವನ್ನಾದರೆ ಮುಂದಿನ ವರ್ಷ ಬಿತ್ತಬಹುದು. ಫಲಕ್ಕೆ ಬಂದ ಮರವನ್ನು ಕಡಿಯುವವರು ಆ ಜನ ಮರಳಿ ಬರಲೇಬಾರದೆಂದು ನಿಶ್ಚಯಿಸಿಯೇ ಕೊಡಲಿ ಎತ್ತಿರುತ್ತಾರೆ.

ಹಸಿದು ಶರಣಾದವರನ್ನು ಪೆಕೋಸ್ ನದಿಯ ದಡದ ಬೊಸ್ಕೆ ರೆಡೊಂಡೊಗೆ, ಸುಮಾರು 500 ಕಿಲೋಮೀಟರ್ ದೂರ, ತಂಡ ತಂಡವಾಗಿ ನಡೆಸಿದರು. ಅಂಥ ಹಲವು ತಂಡಗಳು ನೀನಿರುವ ಆಲ್ಬುಕರ್ಕಿಯ ಮೂಲಕವೇ ಹಾದುಹೋದವು. 8,000ಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ ಆ ಬಯಲಿನಲ್ಲಿ ನೀರು ಉಪ್ಪು, ಸೌದೆಗೆ ಮೈಲಿಗಟ್ಟಲೆ ನಡೆಯಬೇಕು, ಬಿತ್ತಿದ ಜೋಳಕ್ಕೆ ವರ್ಷ ವರ್ಷವೂ ಹುಳು. ಪಡಿತರವಾಗಿ ಕೊಟ್ಟ ಗೋಧಿಹಿಟ್ಟನ್ನೂ ಕಾಫಿಬೀಜವನ್ನೂ ಏನು ಮಾಡಬೇಕೆಂದು ತಿಳಿಯದೆ, ಹಿಟ್ಟನ್ನು ಹಸಿಯಾಗಿಯೇ ತಿಂದು ಹೊಟ್ಟೆ ಕೆಟ್ಟವರ, ಬೀಜವನ್ನು ಕಾಳಿನಂತೆ ಬೇಯಿಸಿ ನೀರನ್ನು ಚೆಲ್ಲಿದವರ ಕಥೆಗಳನ್ನು ಅವರ ಮನೆಗಳಲ್ಲಿ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ನಾಲ್ಕು ವರ್ಷಗಳಲ್ಲಿ ಸಾವಿರಾರು ಜನ ಅಲ್ಲಿಯೇ ತೀರಿಕೊಂಡರು.

1868ರ ಮೇ ತಿಂಗಳಲ್ಲಿ ಜನರಲ್ ಷರ್ಮನ್ ಮಾತುಕತೆಗೆ ಬಂದು, ಮೂಲನಿವಾಸಿಗಳಿಗೆಂದು ಸರ್ಕಾರ ಮೀಸಲಿಟ್ಟಿದ್ದ ಪೂರ್ವದ ಇಂಡಿಯನ್ ಟೆರಿಟರಿಗೆ ಹೋಗಬಹುದೆಂದು ಸೂಚಿಸಿದ. ತಮಗೆ ಬದುಕಲು ತೋರಿಸಿಕೊಟ್ಟಿರುವುದು ಆ ನಾಲ್ಕು ಪರ್ವತಗಳ ನಡುವಿನ ನೆಲ, ತಮ್ಮ ನಾಡನ್ನು ಬಿಟ್ಟು ಬೇರೆಲ್ಲಿಗೂ ಹೋಗೆನ್ನಬೇಡಿ ಎಂದು ನಾಯಕ ಬಾರ್ಬೊನ್ಸಿಟೊ ಬೇಡಿಕೊಂಡ. ಜೂನ್ 1ರಂದು ಒಪ್ಪಂದವಾಯಿತು. ಸಿಕ್ಕಿದ್ದು ಹಳೆಯ ನಾಡಿನ ಒಂದು ತುಂಡು ಮಾತ್ರ. 15,000 ಕುರಿ ಮೇಕೆಗಳನ್ನು ಕೊಡುವ ಮಾತಿನ ಜೊತೆಗೆ, 6ರಿಂದ 16 ವರ್ಷದ ಮಕ್ಕಳನ್ನು ಸರ್ಕಾರದ ಶಾಲೆಗೆ ಕಳಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಆದರೂ ಅವರು ತಮ್ಮ ಮಣ್ಣಿಗೆ ಮರಳಿದರು.

ಆಕಾಶ ತಿಳಿಯಾಗಿರುವ ದಿನ ನಿನ್ನೂರಿನಿಂದ ಪಶ್ಚಿಮಕ್ಕೆ ನೋಡು. ದೂರದಲ್ಲಿ ಕಾಣುವ ಮೌಂಟ್ ಟೇಲರ್ ಅವರ ದಕ್ಷಿಣದ ಪವಿತ್ರ ಪರ್ವತ. ಹಿಂದಿರುಗುವಾಗ ಆಲ್ಬುಕರ್ಕಿಯಿಂದ ಅದರ ತುದಿ ಕಂಡು, ಇದು ನಮ್ಮ ಬೆಟ್ಟವೇ ಎಂದು ಬೆರಗಾಗಿ, ನೆಲದೊಡನೆ ಮಾತಾಡಬೇಕೆನ್ನುವಷ್ಟು ಪ್ರೀತಿ ಉಕ್ಕಿತೆಂದು ಮುಖ್ಯಸ್ಥ ಮನುವೆಲಿಟೊ ಮುಂದೆ ನೆನಪಿಸಿಕೊಂಡಿದ್ದಾನೆ.

ಇಂತಿ ನಿನ್ನ,
ಅಮ್ಮ