ಹುಡುಗನಿಗೆ ಜೈಲು, ದೊಡ್ಡವರಿಗೆ ಬೆಡ್‌ಶೀಟ್

ಮಾನ್ಯ ಸಂಪಾದಕರೇ,

ಆಟದಲ್ಲಿ ಮೋಸ ಬಯಲಾದಾಗಲೆಲ್ಲ ನಾವು ಆಟಗಾರನ ಮೇಲೆ ಮುಗಿಬೀಳುತ್ತೇವೆ. 2010ರ ಲಾರ್ಡ್ಸ್ ಟೆಸ್ಟ್ ನೆನಪಿದೆ ಅಲ್ವಾ? ಪಾಕಿಸ್ತಾನದ ಬೌಲರ್ ಮೊಹಮ್ಮದ್ ಆಮಿರ್‌ಗೆ ಆಗ ಬರೀ 18 ವರ್ಷ. ಬೌಲಿಂಗ್ ಮಾಡುವಾಗ ಅವನ ಕಾಲು ಗೆರೆ ದಾಟಿ ಎಷ್ಟೋ ಮುಂದೆ ಬಿದ್ದಿತ್ತು. ಪಂದ್ಯ ಸೋಲಬೇಕಿರಲಿಲ್ಲ, ದುಡ್ಡು ಕೊಟ್ಟವರು ಹೇಳಿದ ಹೊತ್ತಿಗೆ ನೋಬಾಲ್ ಹಾಕಿದರೆ ಸಾಕಿತ್ತು. ಆಮಿರ್, ಇನ್ನೊಬ್ಬ ಬೌಲರ್ ಆಸಿಫ್, ನಾಯಕ ಸಲ್ಮಾನ್ ಬಟ್ ಮೂವರೂ 2011ರಲ್ಲಿ ಜೈಲು ಸೇರಿದರು. ಸೇರಬೇಕಾದ್ದೇ.

ಆದರೆ ಆಟವನ್ನೇ ವ್ಯಾಪಾರ ಮಾಡಿಕೊಂಡವರ ಕಥೆ? 2015ರ ಮೇ ತಿಂಗಳಲ್ಲಿ ಜ್ಯೂರಿಚ್‌ನ ದುಬಾರಿ ಹೋಟೆಲಿನಲ್ಲಿ ಪೊಲೀಸರು ಬೆಳಗಿನ ಜಾವವೇ ಫುಟ್‌ಬಾಲ್ ಆಡಳಿತದ ದೊಡ್ಡ ಕುಳಗಳನ್ನು ಹಿಡಿದರು. ಟಿವಿ ಪ್ರಸಾರ, ಮಾರ್ಕೆಟಿಂಗ್ ಹಕ್ಕುಗಳ ವ್ಯವಹಾರದಲ್ಲಿ ಲಂಚ ತಿಂದ ಆರೋಪ. ಅವರ ಮುಖ ಕ್ಯಾಮೆರಾಗೆ ಕಾಣದಿರಲಿ ಅಂತ ಹೋಟೆಲ್ ಸಿಬ್ಬಂದಿ ಬೆಡ್‌ಶೀಟ್ ಅಡ್ಡ ಹಿಡಿದರು! ಆಮಿರ್‌ಗೆ ಯಾರೂ ಬೆಡ್‌ಶೀಟ್ ಹಿಡಿಯಲಿಲ್ಲ.

ಇನ್ನು ಬೆಟ್ಟಿಂಗ್ ಜಾಹೀರಾತಿನ ತಮಾಷೆ ನೋಡಿ. ನಿಯಮ ಮೀರಿ ಬಾಜಿ ಕಟ್ಟಿದ್ದಕ್ಕೆ 2023ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಬ್ರೆಂಟ್‌ಫರ್ಡ್ ಆಟಗಾರ ಐವಾನ್ ಟೋನಿಗೆ 8 ತಿಂಗಳ ನಿಷೇಧ ಬಿತ್ತು. ತಪ್ಪು ತಪ್ಪೇ, ಒಪ್ಪೋಣ. ಆದರೆ ಅವರು ತೊಡುತ್ತಿದ್ದ ಕ್ಲಬ್ ಜೆರ್ಸಿಯ ಎದೆ ಮೇಲಿದ್ದ ಹೆಸರು ಯಾವುದು? ಒಂದು ಬೆಟ್ಟಿಂಗ್ ಕಂಪನಿಯದ್ದೇ. ಟೀಕೆ ಜಾಸ್ತಿಯಾದ ಮೇಲೆ ಪ್ರೀಮಿಯರ್ ಲೀಗ್ ಕ್ಲಬ್‌ಗಳು 2026-27ರ ಋತುವಿನಿಂದ ಎದೆ ಮೇಲೆ ಅಂಥ ಹೆಸರು ಹಾಕುವುದಿಲ್ಲ ಎಂದು ಒಪ್ಪಿಕೊಂಡಿವೆ.

ತೋಳಿನ ಮೇಲೆ ಮಾತ್ರ ಇರಬಹುದಂತೆ.

– ಒಬ್ಬ ಕ್ರೀಡಾಭಿಮಾನಿ