ಮೊದಲ ಏಟು ಕಲಿಸುವವರು ನಿಲ್ಲಿಸುವುದನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ವಾರ್ಷಿಕ ಪರೀಕ್ಷೆ ಮುಗಿದು ಸೂಟಿ ಬಿಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡದ ಲೈಟಿನ ಕಂಬಗಳಿಗೆ ಕರಾಟೆ, ಟೇಕ್ವಾಂಡೊ, ಕಿಕ್‌ಬಾಕ್ಸಿಂಗ್ ಶಿಬಿರಗಳ ಫ್ಲೆಕ್ಸುಗಳು ಹತ್ತುತ್ತವೆ. ಸರಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ 3 ತಿಂಗಳ ಆತ್ಮರಕ್ಷಣಾ ತರಬೇತಿಯೂ ಇದೆ. ಕಣ್ಣಿಗೆ ಬೆರಳು ಹಾಕುವುದು, ತೊಡೆಸಂದಿಗೆ ಮೊಣಕಾಲು ಕೊಡುವುದು, ಹಿಂದಿನಿಂದ ಕುತ್ತಿಗೆ ಹಿಡಿದರೆ ಬಿಡಿಸಿಕೊಳ್ಳುವುದು, ಇವೆಲ್ಲ ಅಲ್ಲಿ ಕಲಿಸುತ್ತಾರೆ, ಕಲಿಸಲೂಬೇಕು. ಎಲ್ಲಿ ಕೈ ನಿಲ್ಲಿಸಬೇಕು ಅನ್ನುವ ಪಾಠ ಮಾತ್ರ ಬಹುತೇಕ ಕಡೆ ಇಲ್ಲ. ಜಗಳ ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಎಲ್ಲರೂ ಕೇಳುವುದು ಅದೊಂದನ್ನೇ.

ಕಲಂಗಳ ಮಾತು ಮೊದಲೇ ಮುಗಿಸಿಬಿಡುತ್ತೇವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 96ರಿಂದ 106ರವರೆಗಿನ ಕಲಂಗಳು ಈಗ 34ರಿಂದ 44. ನಂಬರ್ ಬದಲಾದವೇ ಹೊರತು ತಿರುಳು ಹಾಗೇ ಇದೆ. ತನ್ನ ಮೈ, ಇನ್ನೊಬ್ಬರ ಮೈ, ತನ್ನ ಅಥವಾ ಇನ್ನೊಬ್ಬರ ಸೊತ್ತು ಕಾಯಲು ಬಲ ಬಳಸಬಹುದು (ಕಲಂ 35; ಮುಂದೆಯೂ ಕಂಸದಲ್ಲಿರುವುದು ಕಲಂ ನಂಬರ್). ಕಾಯಲು ಬೇಕಾದುದಕ್ಕಿಂತ ಹೆಚ್ಚು ನೋವು ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಕೈ ಎತ್ತುವಂತಿಲ್ಲ (37). ಮೈಗೆ ಅಪಾಯವಿದೆ ಎಂಬ ಅಂಜಿಕೆ ಹುಟ್ಟಿದ ಕ್ಷಣಕ್ಕೆ ಹಕ್ಕು ಶುರುವಾಗುತ್ತದೆ, ಆ ಅಂಜಿಕೆ ಇರುವವರೆಗಷ್ಟೇ ಅದಕ್ಕೆ ಆಯುಷ್ಯ (40).

ಈ 40ನೇ ಕಲಮನ್ನು ಕೈಕಾಲಿನ ಭಾಷೆಯಲ್ಲಿ ಹೇಳಬೇಕು. ರಾತ್ರಿ ಹತ್ತರ ಹೊತ್ತಿಗೆ ಉಣಕಲ್ಲ ಕೆರೆಯ ದಂಡೆಯಲ್ಲಿ ಒಬ್ಬ ನಿಮ್ಮ ಕಾಲರ್ ಹಿಡಿದು ಎಳೆದು ಮುಷ್ಟಿ ಎತ್ತಿದ ಅನ್ನಿ. ಎಡಗೈಯಿಂದ ತಡೆದು, ಬಲ ಅಂಗೈಯ ಬುಡದಿಂದ ಗದ್ದಕ್ಕೆ ಕೊಟ್ಟಿರಿ. ಹಿಡಿತ ಬಿಟ್ಟಿತು. ಮತ್ತೆ ಮೈಮೇಲೆ ಬಂದ, ತೊಡೆಗೆ ಒಂದು ಒದೆ ಬಿತ್ತು, ಕುಸಿದು ಕೂತ. ಇಲ್ಲಿಯವರೆಗಿನದಕ್ಕೆ ಕಾನೂನಿನ ಆಸರೆ ಇದೆ. ಈಗ ಅವನ ಒಂದು ಕೈ ನೆಲದ ಮೇಲೆ, ಇನ್ನೊಂದು ಬಾಯಿಗೆ ಒತ್ತಿಕೊಂಡಿದೆ, ಕಣ್ಣು ನಿಮ್ಮ ಮೇಲಿಲ್ಲ. ಈ ಹೊತ್ತಿಗೆ ಬೀಳುವ ಮೂರನೇ ಏಟಿಗೆ ಹಲ್ಲೆ ಅಂತ ಹೆಸರು. ಅವನ ಕೈ ಸೊಂಟದ ಕಡೆ, ಚಾಕುವಿನ ಕಡೆ ಹೋದರೆ ಲೆಕ್ಕ ಮತ್ತೆ ಬೇರೆ. ಎರಡನೆಯ ಮತ್ತು ಮೂರನೆಯ ಏಟಿನ ನಡುವೆ ಒಂದು ಸೆಕೆಂಡೂ ಇರುವುದಿಲ್ಲ. ಕಾಂಬಿನೇಷನ್ ಅಂತ ಮೂರು-ನಾಲ್ಕು ಏಟುಗಳನ್ನು ಒಂದೇ ಉಸಿರಿಗೆ ಸಾವಿರ ಸಲ ಹೊಡೆದು ಕಲಿತವರ ಕೈ ತಾನಾಗಿಯೇ ಮೂರನೆಯದನ್ನು ಮುಗಿಸಿಬಿಡುತ್ತದೆ. ಬ್ಯಾಡ ಅಂತ ತಲೆ ಹೇಳುವಷ್ಟರಲ್ಲಿ ಕೈ ಹೋಗಿರುತ್ತದೆ. ಇದು ಹುಡುಗರ ಸಿಟ್ಟಿನ ದೋಷ ಅಂತ ನಮಗೆ ಅನಿಸುವುದಿಲ್ಲ, ತರಬೇತಿಯ ದೋಷ.

ಹಾಗಂತ ನ್ಯಾಯಾಲಯಗಳು ಸೆಕೆಂಡ್ ಎಣಿಸುತ್ತ ಕೂರುವುದಿಲ್ಲ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಈ ಹಕ್ಕಿನ ಸೂತ್ರಗಳನ್ನು ಒಂದೆಡೆ ಕೂಡಿಸಿ ಹೇಳಿದೆ. ಅಂಜಿಕೆಗೆ ಸರಿಯಾದ ಕಾರಣ ಇದ್ದರೆ ಸಾಕು, ಎದುರಿನವನ ಏಟು ಬೀಳುವವರೆಗೆ ಕಾಯಬೇಕಿಲ್ಲ. ಆಪತ್ತಿನಲ್ಲಿ ಸಿಕ್ಕವನ ಪ್ರತಿಯೇಟನ್ನು ಬಂಗಾರದ ತಕ್ಕಡಿಯಲ್ಲಿ ತೂಗಲಾಗದು ಎಂಬುದೂ ನ್ಯಾಯಾಲಯಗಳು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಓಡಿಹೋಗಲೇಬೇಕು ಎಂಬ ಕಡ್ಡಾಯವೂ ನಮ್ಮ ಕಾನೂನಿನಲ್ಲಿಲ್ಲ. ಅಂಥ ರಿಯಾಯಿತಿ ಸಿಗುವುದು ಅಪಾಯ ಎದುರಿಗಿದ್ದಾಗ ಆದ ಹೆಚ್ಚುಕಡಿಮೆಗೆ. ಅಪಾಯ ಮುಗಿದ ಮೇಲೆ ಬಿದ್ದ ಏಟು ಅದರಲ್ಲಿ ಬರುವುದಿಲ್ಲ.

ಇನ್ನು ಏಟಿನ ಫಲ. ಸಾದಾ ಗಾಯಕ್ಕೆ 115ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆ. ತೀವ್ರ ಗಾಯಕ್ಕೆ 117ರ ಅಡಿ 7 ವರ್ಷದವರೆಗೆ. ಎರಡರ ನಡುವಿನ ಗೆರೆಯನ್ನು 116ನೇ ಕಲಂ ಎಂಟು ಬಗೆಯಲ್ಲಿ ಎಳೆದಿದೆ, ಅದನ್ನು ಓದಿದರೆ ನಮ್ಮ ಪಟ್ಟುಗಳ ಪಟ್ಟಿಯನ್ನೇ ಓದಿದ ಹಾಗಾಗುತ್ತದೆ. ಮೊಣಕೈ ಕೀಲು ತಿರುವಿ ಒತ್ತುವ ಪಟ್ಟನ್ನು ಎರಡು ಇಂಚು ಜಾಸ್ತಿ ಒತ್ತಿದರೆ ಕೀಲು ತಪ್ಪುತ್ತದೆ. ಕೀಲು ತಪ್ಪಿದರೂ ಎಲುಬು ಮುರಿದರೂ ಅದು ತೀವ್ರ ಗಾಯ. ಒಂದು ಹಲ್ಲು ಮುರಿದರೂ ಅಷ್ಟೇ. ಎರಡೂ ಅಂಗೈಯಿಂದ ಕಿವಿಗೆ ಚಪ್ಪಾಳೆ ತಟ್ಟಿದಂತೆ ಹೊಡೆಯುವುದನ್ನು ಶಿಬಿರಗಳಲ್ಲಿ ಹಗುರಾಗಿ ಕಲಿಸುತ್ತಾರೆ. ತಮಟೆ ಹರಿದು ಒಂದೇ ಕಿವಿಯ ಕೇಳ್ಮೆ ಶಾಶ್ವತವಾಗಿ ಹೋದರೂ ಅದು ಅದೇ ಪಟ್ಟಿಯಲ್ಲಿದೆ. ಒಂದೇ ಕಣ್ಣು ಹೋದರೂ ಹಾಗೇ. ಹದಿನೈದು ದಿನ ತೀವ್ರ ನೋವಿನಿಂದ ಬಳಲಿದರೆ, ಇಲ್ಲವೇ ದಿನದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯ. ಹಳೆಯ ಕಾನೂನಿನಲ್ಲಿ ಇದು ಇಪ್ಪತ್ತು ದಿನ ಇತ್ತು. ಇವುಗಳನ್ನು ಬಳಸಲೇಬಾರದು ಎಂದಲ್ಲ. ಕಾಲರ್ ಹಿಡಿದವನಿಗೆ ಒಂದು ಪಟ್ಟು, ಚಾಕು ಹಿಡಿದವನಿಗೆ ಇನ್ನೊಂದು ಎಂದು ಕಲಿಯುವಾಗಲೇ ಬೇರೆಬೇರೆ ಇಡಬೇಕು.

ಏಟಿಗಿಂತ ನೆಲವೇ ಹೆಚ್ಚು ಅಪಾಯ ಮಾಡುತ್ತದೆ. ಗರಡಿಮನಿಯ ಕೆಮ್ಮಣ್ಣನ್ನು ಗುದ್ದಲಿಯಿಂದ ಕೆದರಿ, ಎಣ್ಣೆ, ಅರಿಷಿಣ, ಮಜ್ಜಿಗೆ ಕೂಡಿಸಿ ಹದ ಮಾಡಿರುತ್ತಾರೆ. ಅಲ್ಲಿ ಎತ್ತಿ ಒಗೆದರೂ ಪೈಲ್ವಾನ ಮಣ್ಣು ಝಾಡಿಸಿಕೊಂಡು ಏಳುತ್ತಾನೆ. ಜೂಡೋ ಮ್ಯಾಟಿನ ಮೇಲೂ ಅಷ್ಟೇ, ಬೀಳುವವನಿಗೆ ಬೀಳಲು ಬರುತ್ತದೆ. ಅದೇ ಪಟ್ಟನ್ನು ದುರ್ಗದಬೈಲಿನ ಕಾಂಕ್ರೀಟಿನ ಮೇಲೆ, ಬೀಳಲು ಬಾರದ, ಕುಡಿದ ಮನುಷ್ಯನ ಮೇಲೆ ಹಾಕಿದರೆ ಹಿಂದಲೆ ಫುಟ್‌ಪಾತಿನ ಕಲ್ಲಿಗೆ ತಾಗುತ್ತದೆ. ನೂಕಿದ್ದಷ್ಟೇ, ಹೊಡೆದಿಲ್ಲ ಅಂದರೆ ಪ್ರಯೋಜನವಿಲ್ಲ. ಕೆಡವುವುದಾದರೆ ಅವನ ತೋಳನ್ನೋ ಅಂಗಿಯನ್ನೋ ಬಿಡದೆ ಹಿಡಿದು, ತಲೆ ಕೊನೆಗೆ ನೆಲ ಮುಟ್ಟುವ ಹಾಗೆ ಕುಂಡಿಯ ಮೇಲೆ ಕೂರಿಸಬೇಕು. ಇನ್ನೊಂದು ಮಾತು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಆಟ ಮುಗಿಯಿತು, ವಸ್ತಾದರು ಕೂಗುವ ಮೊದಲೇ ಕೈ ಸಡಿಲಾಗುತ್ತದೆ. ಆ ನಿಲುಗಡೆ ಪಟ್ಟಿನೊಳಗೇ ಇದೆ. ಹೊರಗಿನಿಂದ ಬಂದ ವಿದ್ಯೆಗಳನ್ನು ಕಲಿಸುವವರು ಗರಡಿಯಿಂದ ಇದೊಂದನ್ನು ಎರವಲು ತಂದರೆ ಸಾಕು.

ಕುತ್ತಿಗೆ ಬಿಗಿಯುವ ಪಟ್ಟಿನ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ: ಮಕ್ಕಳ ಶಿಬಿರಗಳಲ್ಲಿ ಅದು ಬೇಡವೇ ಬೇಡ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಸರಿಯಾಗಿ ಅಮುಕಿದರೆ ಹತ್ತು-ಹನ್ನೆರಡು ಸೆಕೆಂಡಿಗೆ ಎಚ್ಚರ ತಪ್ಪುತ್ತದೆ. ಮೈ ಸಡಿಲಾದ ಮೇಲೂ ಬಿಡದಿದ್ದರೆ ಮಿದುಳಿಗೆ ಪೆಟ್ಟು. ಹೊಸ ಕಾನೂನಿನ 117(3) ಇಲ್ಲಿ ನೆನಪಿರಬೇಕು: ಗಾಯದಿಂದ ಶಾಶ್ವತ ಅಂಗವೈಕಲ್ಯ ಆದರೆ, ಇಲ್ಲವೇ ಎಚ್ಚರವೇ ಬಾರದ ಸ್ಥಿತಿಗೆ ಹೋದರೆ ಕನಿಷ್ಠ 10 ವರ್ಷದ ಕಠಿಣ ಶಿಕ್ಷೆ, ಜೀವಾವಧಿಯವರೆಗೂ ಹೋಗಬಹುದು. ಹಿಡಿದ ಕಳ್ಳನನ್ನು ಬೋರಲು ಹಾಕಿ ನಾಲ್ಕು ಜನ ಬೆನ್ನ ಮೇಲೆ ಕೂರುವುದೂ ಉಸಿರು ಕಟ್ಟಿಸುವ ಕೆಲಸವೇ. ಮಗ್ಗುಲಿಗೆ ಹೊರಳಿಸಿ ಕೂರಿಸಬೇಕು.

ಕಳ್ಳನ ಮಾತು ಬಂತು. ಮೊಬೈಲ್ ಕದ್ದವನನ್ನು, ಸರ ಕಿತ್ತವನನ್ನು ಬೆನ್ನಟ್ಟಿ ಹಿಡಿದು ಮಾಲು ಬಿಡಿಸಿಕೊಳ್ಳಬಹುದು. ಮಾಲು ಕೈಗೆ ಬಂದಮೇಲೆ ಸೊತ್ತಿನ ರಕ್ಷಣೆಯ ಹಕ್ಕು ಮುಗಿಯುತ್ತದೆ (43). ಅಲ್ಲಿಂದ ಮುಂದೆ ಕಂಬಕ್ಕೆ ಕಟ್ಟಿ ಬಡಿಯುವುದು ಶುದ್ಧ ಅಪರಾಧ, ಬಡಿಯುವವನ ಸೊಂಟದಲ್ಲಿ ಯಾವ ಬಣ್ಣದ ಬೆಲ್ಟ್ ಇದ್ದರೂ. ಕಣ್ಣೆದುರೇ ಜಾಮೀನುರಹಿತ, ಪೊಲೀಸರು ನೇರವಾಗಿ ಬಂಧಿಸಬಹುದಾದ ಅಪರಾಧ ನಡೆದರೆ ಸಾಮಾನ್ಯ ನಾಗರಿಕನೂ ಆರೋಪಿಯನ್ನು ಹಿಡಿದಿಡಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಬೇರೆಯದೇ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 40ನೇ ಕಲಂ ಹೇಳುತ್ತದೆ.

ಬೈಗುಳಕ್ಕೆ ಕೈ ಉತ್ತರವಲ್ಲ. ಅವ್ವನ ಹೆಸರು ಹಿಡಿದು ಬೈದರೂ ಅದರಿಂದ ಆತ್ಮರಕ್ಷಣೆಯ ಹಕ್ಕು ಹುಟ್ಟುವುದಿಲ್ಲ. ತೀವ್ರ, ದಿಢೀರ್ ಪ್ರಚೋದನೆ ಎಂದು ಸಾಬೀತಾದರೆ ಶಿಕ್ಷೆ ಕಡಿಮೆಯಾದೀತು, ಅಷ್ಟೇ (122). ಎಲ್ಲಕ್ಕಿಂತ ಕೆಟ್ಟದ್ದು "ಹೊರಗ ಬಾ, ನೋಡ್ಕೋತೀನಿ" ಎಂಬ ಕರೆಗೆ ಎದ್ದು ಹೋಗುವುದು. ಒಪ್ಪಿಕೊಂಡು ಬಡಿದಾಟಕ್ಕಿಳಿದ ಇಬ್ಬರಲ್ಲಿ ಸಾಮಾನ್ಯವಾಗಿ ಯಾರಿಗೂ ಆತ್ಮರಕ್ಷಣೆಯ ಮಾತು ಉಳಿಯುವುದಿಲ್ಲ. ಮೇಲೆ ಸಾರ್ವಜನಿಕ ಜಾಗದಲ್ಲಿ ಶಾಂತಿ ಕದಡಿದ್ದಕ್ಕೆ 194ನೇ ಕಲಂ ಬೇರೆ.

ಹೆಣ್ಣುಮಕ್ಕಳ ತರಬೇತಿಯಲ್ಲಿ 38ನೇ ಕಲಮನ್ನು ಬಿಡಿಸಿ ಹೇಳಬೇಕು. ದಾಳಿಕೋರನ ಜೀವ ಹೋದರೂ ಕಾನೂನು ಕಾಯುವ ಏಳು ಸಂದರ್ಭಗಳು ಅಲ್ಲಿವೆ: ಸಾವಿನ ಅಂಜಿಕೆ, ತೀವ್ರ ಗಾಯದ ಅಂಜಿಕೆ, ಅತ್ಯಾಚಾರದ ಉದ್ದೇಶ, ಅಸ್ವಾಭಾವಿಕ ಕಾಮದ ಉದ್ದೇಶ, ಅಪಹರಣ, ನೆರವು ಕೂಗಲಾಗದಂತೆ ಕೂಡಿಹಾಕುವುದು, 2013ರಲ್ಲಿ ಸೇರಿದ ಆ್ಯಸಿಡ್ ಎರಚುವ ಯತ್ನ. ಇಲ್ಲಿ ಹುಡುಗಿ ಅಳುಕಬೇಕಾಗಿಲ್ಲ, ಕಣ್ಣು, ಗಂಟಲು ಯಾವುದಾದರೂ ಸರಿ. ಸಪ್ತಾಪುರದ ಓಣಿಯಲ್ಲಿ ಒಬ್ಬ ಹಿಂಬಾಲಿಸಿದ ಮಾತ್ರಕ್ಕೆ ಮೊದಲೇಟು ಕೊಡುವುದು ಮಾತ್ರ ಇದರಲ್ಲಿ ಬರುವುದಿಲ್ಲ. ಬೆಳಕಿರುವ ಅಂಗಡಿ ಹೊಕ್ಕು 112ಕ್ಕೆ ಫೋನ್ ಮಾಡುವಷ್ಟು ಹೊತ್ತು ಅಲ್ಲಿದೆ.

ಎರಡು ಸುಳ್ಳುಗಳು ಕ್ಲಾಸಿನಿಂದ ಕ್ಲಾಸಿಗೆ ಹರಿದಾಡುತ್ತವೆ. ಬ್ಲ್ಯಾಕ್ ಬೆಲ್ಟ್ ಬಂದವರು ಠಾಣೆಯಲ್ಲಿ ಹೆಸರು ಬರೆಸಬೇಕು ಎಂಬುದು ಒಂದು. ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ತರಬೇತಾದವರ ಕೈ ಕಾನೂನಿನ ಕಣ್ಣಿಗೆ ಮಾರಕಾಯುಧ ಎಂಬುದು ಇನ್ನೊಂದು. ಮನುಷ್ಯನ ಹಲ್ಲನ್ನು ಮಾರಕಾಯುಧ ಎನ್ನಲಾಗದು ಎಂದು ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ. ಆದರೂ ಎಲ್ಲಿ ಹೊಡೆದರೆ ಏನಾಗುತ್ತದೆ ಎಂದು ಈತನಿಗೆ ಗೊತ್ತಿತ್ತು ಎಂದು ಸರಕಾರಿ ವಕೀಲರು ವಾದಿಸಲು ಗೋಡೆಯ ಮೇಲಿನ ಸರ್ಟಿಫಿಕೇಟು ಅವಕಾಶ ಕೊಡುತ್ತದೆ.

ಜಗಳ ಮುಗಿದ ಮೇಲಿನ ಎರಡು ತಾಸು ಬಹಳ ಮುಖ್ಯ. ಎರಡು ಹೆಜ್ಜೆ ಹಿಂದೆ ಸರಿದು, ಸುತ್ತಲಿನವರಿಗೆ ಕೇಳುವಂತೆ "ಸಾಕು, ಹೋಗು" ಎಂದು ಕೂಗಬೇಕು. ನಾಳೆ ಸಾಕ್ಷಿ ಹೇಳುವವರ ಕಿವಿಗೆ ಬಿದ್ದಿರುವುದು ಅದು. 112ಕ್ಕೆ ಮೊದಲು ನೀವೇ ಫೋನ್ ಮಾಡಿ, ಬಿದ್ದವನಿಗೂ ಅಂಬುಲೆನ್ಸ್ ಕೇಳಿ. ನಂತರ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ ನಿಮ್ಮ ಗಾಯವನ್ನು ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಿ. ಗೆದ್ದವರು ತಮಗೇನೂ ಆಗಿಲ್ಲ ಅಂತ ಮನೆಗೆ ಹೋಗಿ ಮಲಗುತ್ತಾರೆ. ಸೋತವನು ರಾತ್ರಿಯೇ ದಾಖಲಾಗಿ ಫಿರ್ಯಾದಿಯಾಗುತ್ತಾನೆ. ಬೆಳಿಗ್ಗೆ ಕೊಡುವ ನಿಮ್ಮ ದೂರು ಕೌಂಟರ್ ಕೇಸ್ ಅನಿಸಿಕೊಳ್ಳುತ್ತದೆ. ಮುಂಗೈಯ ಹೊರಬದಿಯ ತರಚು, ಕುತ್ತಿಗೆಯ ಉಗುರಿನ ಗೆರೆ ತಡೆದವನ ಗುರುತುಗಳು, ವೈದ್ಯರಿಗೆ ತೋರಿಸಿ ಬರೆಸಬೇಕು. ಕಂದುಗಟ್ಟುವುದು ಒಂದೆರಡು ದಿನ ತಡವಾಗಿ ಕಾಣುತ್ತದೆ, ಆಗ ಮತ್ತೊಮ್ಮೆ ಹೋಗಿ. ಹರಿದ ಅಂಗಿಯನ್ನು ತೊಳೆಯದೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸಲು ಹತ್ತುತ್ತದೆ. ಅಂಗಡಿಯ ಕ್ಯಾಮೆರಾದ ದೃಶ್ಯ 15ರಿಂದ 30 ದಿನದಲ್ಲಿ ಅಳಿಸಿಹೋಗುವುದೇ ಹೆಚ್ಚು, ಆದ್ದರಿಂದ ಅದನ್ನು ವಶಕ್ಕೆ ಪಡೆಯಲು ತನಿಖಾಧಿಕಾರಿಗೆ ಲಿಖಿತವಾಗಿಯೇ ಕೇಳಿ, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯ ಮೇಲಿರುತ್ತದೆ (ಭಾರತೀಯ ಸಾಕ್ಷ್ಯ ಅಧಿನಿಯಮ, ಕಲಂ 108). ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಹೀಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. "ಪಾಠ ಕಲಿಸಿದೆ" ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದವರು ಈ ದಾರಿಯನ್ನು ಕೈಯಾರೆ ಮುಚ್ಚಿಕೊಳ್ಳುತ್ತಾರೆ.

ಕ್ಲಾಸ್ ನಡೆಸುವವರಿಗೂ ಒಂದು ಮಾತು. ಸ್ಪಾರಿಂಗ್‌ನಲ್ಲಿ, ಅಂದರೆ ಇಬ್ಬರು ಎದುರುಬದುರಾಗಿ ಮಾಡುವ ಕಾದಾಟದ ಅಭ್ಯಾಸದಲ್ಲಿ, ಏಟು ಕೊಟ್ಟವನನ್ನು ಅಪರಾಧದಿಂದ ಕಾಯುವುದು ನ್ಯಾಯ ಸಂಹಿತೆಯ 25ನೇ ಕಲಮಿನ ಒಪ್ಪಿಗೆ. ಮನರಂಜನೆಗೆ ಕತ್ತಿವರಸೆ ಆಡುವವರ ಉದಾಹರಣೆ ಕಾನೂನಿನ ಪುಸ್ತಕದಲ್ಲೇ ಇದೆ. ಆ ಕಲಂ ಅನ್ವಯಿಸುವುದು 18 ದಾಟಿದವರ ಒಪ್ಪಿಗೆಗೆ ಮಾತ್ರ, ಅದೂ ನಿಯಮದೊಳಗಿನ ಏಟಿಗೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಹೆಡ್‌ಗಾರ್ಡ್, ಹಲ್ಲುಕಾಪು ಇಲ್ಲದೆ ಅವರನ್ನು ಎದುರುಬದುರು ನಿಲ್ಲಿಸಬೇಡಿ.

ಶಿಕ್ಷಣ ಇಲಾಖೆ, ಕ್ರೀಡಾ ಇಲಾಖೆ ಮತ್ತು ಸಂಬಂಧಪಟ್ಟ ಕ್ರೀಡಾ ಸಂಸ್ಥೆಗಳಿಗೆ ನಮ್ಮ ವಿನಂತಿ ದೊಡ್ಡದೇನಲ್ಲ. ಪ್ರತಿ ಶಿಬಿರದಲ್ಲಿ ಒಂದು ತಾಸು ಸ್ಥಳೀಯ ವಕೀಲರಿಂದಲೋ ಠಾಣೆಯ ಸಬ್ ಇನ್‌ಸ್ಪೆಕ್ಟರರಿಂದಲೋ ಈ ಕಲಂಗಳ ಪಾಠ ಇರಲಿ. ಜತೆಗೆ ನಿಲ್ಲಿಸುವ ಕಸರತ್ತು. ಪ್ಯಾಡ್ ಹಿಡಿದ ಜೊತೆಗಾರ ಮುನ್ನುಗ್ಗುತ್ತಾನೆ, ಕಲಿಯುವವರು ಹೊಡೆಯುತ್ತಾರೆ. ಎರಡನೆಯ ಏಟಿಗೋ ಐದನೆಯದಕ್ಕೋ, ಮುಂಚೆ ಹೇಳದೆ, ಅವನು ಪ್ಯಾಡ್ ಕೆಳಗೆ ಬಿಡುತ್ತಾನೆ, ಬೆನ್ನು ತಿರುಗಿಸುತ್ತಾನೆ, ಇಲ್ಲವೇ ಕೂತುಬಿಡುತ್ತಾನೆ. ಆ ಕ್ಷಣಕ್ಕೆ ಕೈ ನಿಲ್ಲಬೇಕು, ಎರಡು ಹೆಜ್ಜೆ ಹಿಂದೆ, ಕಣ್ಣು ಅವನ ಕೈಗಳ ಮೇಲೆ, ಬಾಯಲ್ಲಿ ಕೂಗು. ಹತ್ತರಲ್ಲಿ ಮೂರು ಸಲ ಅವನು ಸುಮ್ಮನೆ ನಟಿಸಿ ಮತ್ತೆ ಏರಿ ಬರಲಿ, ಅದಕ್ಕೂ ತಯಾರಿರಬೇಕು. ಪ್ಯಾಡ್ ಬಿದ್ದ ಮೇಲೆ ಒಂದು ಏಟು ಹೆಚ್ಚು ಬಿದ್ದರೂ ಆ ಸುತ್ತು ಫೇಲ್. ಬೆಲ್ಟ್ ಪರೀಕ್ಷೆಯ ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಸೇರಿಸಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗಿಲ್ಲ.

ಇಂತಿ,
ಆತ್ಮರಕ್ಷಣಾ ತರಬೇತುದಾರರು ಹಾಗೂ ವಕೀಲರು,
ಧಾರವಾಡ