2025ರ ಹಾಲಿವುಡ್: ಯಾವುದು ನೋಡಬಹುದು?

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷಗಳ ಹಾಲಿವುಡ್ ಸಿನಿಮಾಗಳಲ್ಲಿ ಯಾವುದು ನೋಡಬಹುದು ಅಂತ ಕೆಲವರು ಕೇಳಿದ್ರಿ. ಒಬ್ಬೊಬ್ಬರಿಗೂ ಬರೆಯೋ ಬದಲು 2025ರದ್ದನ್ನ ಇಲ್ಲೇ ಹಾಕ್ತಿದ್ದೀನಿ. ಕ್ಲೈಮ್ಯಾಕ್ಸ್ ಹೇಳಿಲ್ಲ, ಧೈರ್ಯವಾಗಿ ಓದಿ.

ನನ್ನ ಓಟು 'ದಿ ನೇಕೆಡ್ ಗನ್'ಗೆ. 1988ರ ಚಿತ್ರದಲ್ಲಿ ಲೆಸ್ಲಿ ನೀಲ್ಸನ್ ಮಾಡಿದ್ದ ಪೆದ್ದು ಪೊಲೀಸಿನ ಮಗನಾಗಿ ಲಿಯಾಮ್ ನೀಸನ್. ಮುಖ ಗಂಟಿಕ್ಕಿಕೊಂಡು, ಅದೇ ಗಡಸು ದನಿಯಲ್ಲಿ ಹುಚ್ಚುಚ್ಚು ಮಾತಾಡ್ತಾರೆ. ತಮಾಷೆ ಮಾಡ್ತಿದ್ದೀನಿ ಅನ್ನೋ ಸುಳಿವೇ ಕೊಡಲ್ಲ, ನಗು ಹುಟ್ಟೋದೇ ಅಲ್ಲಿ. ಹಿಂದುಗಡೆ ಏನು ನಡೀತಿದೆ ಅಂತಲೂ ನೋಡ್ತಿರಿ, ಎಷ್ಟೋ ಜೋಕು ಅಲ್ಲೇ ಅಡಗಿವೆ. ಒಂದೂವರೆ ಗಂಟೆಯೊಳಗೆ ಮುಗಿಯುತ್ತೆ. ಮಕ್ಕಳನ್ನ ಕೂರಿಸಿಕೊಂಡು ಮಾತ್ರ ನೋಡಬೇಡಿ, ಮುಜುಗರ ಆಗುತ್ತೆ.

'ಎಫ್‌1' ಅನ್ನೋ ಕಾರ್ ರೇಸ್ ಸಿನಿಮಾದ ಕಥೆ ಓಬೀರಾಯನ ಕಾಲದ್ದು. ಆದರೆ 'ಟಾಪ್ ಗನ್: ಮೇವರಿಕ್' ಮಾಡಿದ ಜೋಸೆಫ್ ಕೊಸಿನ್ಸ್ಕಿ ನಿಜವಾದ ರೇಸ್ ನಡೆಯೋ ಟ್ರ್ಯಾಕುಗಳಲ್ಲೇ ಶೂಟ್ ಮಾಡಿದ್ದಾರೆ. ಸಣ್ಣ ಪರದೆಯಲ್ಲಿ ಆ ಮಜಾ ಸಿಗಲ್ಲ.

ಟಾಮ್ ಕ್ರೂಸ್ 'ಮಿಷನ್ ಇಂಪಾಸಿಬಲ್' ಎರಡೂಮುಕ್ಕಾಲು ಗಂಟೆ. ಮೊದಲರ್ಧ ಬರೀ ಮಾತು, ಆಮೇಲಿನ ಸಬ್‌ಮರೀನ್ ಮತ್ತು ವಿಮಾನದ ದೃಶ್ಯಗಳಿಗೆ ಕೊಟ್ಟ ದುಡ್ಡು ವಸೂಲ್.

'ಸೂಪರ್‌ಮ್ಯಾನ್' ಪರವಾಗಿಲ್ಲ, ನಾಯಿ ಕ್ರಿಪ್ಟೋ ಸಖತ್ತಾಗಿದೆ. ನಮ್ಮ ಸೆನ್ಸಾರಿನವರು ಮುತ್ತಿನ ದೃಶ್ಯಕ್ಕೆ ಕತ್ತರಿ ಹಾಕಿದ್ರು. ಊರಿಗೆ ಊರೇ ಉರುಳಿದ್ರೆ ಪರವಾಗಿಲ್ಲವಂತೆ!

'ಸಿನ್ನರ್ಸ್' ನೋಡಿದವರು ಇಲ್ಲೇ ಬರೀರಿ. ಕಥೆ ಬಿಟ್ಟುಕೊಡೋದಿದ್ರೆ ಮೊದಲ ಸಾಲಲ್ಲೇ 'ಸ್ಪಾಯ್ಲರ್' ಅಂತ ಹಾಕಿ. ಪೈರಸಿ ಲಿಂಕ್ ಹಾಕಿದ್ರೆ ಅಡ್ಮಿನ್ ಅಳಿಸ್ತಾರೆ.